ನಿಂಬೆ ತೂಗುವ ಕಾಟಾದ ಮೇಲೆ

ಮಾರ್ಚ್ 4, ಮಂಗಳವಾರ

ತಿಂಗಳಿಡೀ ಈಜಿದರೂ ತೋಟದ ನಿಂಬೆ ತೂಗುವ ಕಾಟಾ ಇವತ್ತೂ ಎಂಬತ್ತೆಂಟನ್ನೇ ತೋರಿಸಿತು. ಈಜಿದರೆ ಮೊಣಕಾಲಿಗೆ ಭಾರ ಬೀಳದೆ ತೂಕ ಇಳಿಯುತ್ತದೆ ಎಂದಿದ್ದರು ಡಾಕ್ಟರು. ಇಳಿಯದಿದ್ದರೆ ಬಾವಿಯ ಈಜು ಬಂದ್ ಎಂದಿದ್ದಳು ಅವ್ವ. ಕನ್ನಡಕವಿಲ್ಲದೆ ಅವಳಿಗೆ ಅಂಕಿ ಕಾಣುವುದಿಲ್ಲ. ಸುಳ್ಳು ಹೇಳಬಹುದಿತ್ತು.

"ಎಷ್ಟ ಇಳದೈತಿ, ಸುರೇಖಾ?"

"ಒಂದ ಕಿಲೋನೂ ಇಳದಿಲ್ಲಬೇ."

"ಮತ್ತ ದಿನಾ ಎಮ್ಮಿ ಹಂಗ ಬಾವ್ಯಾಗ ಯಾಕ ಬೀಳ್ತಿ?"

"ಅಲ್ಲಿ ನಾ ಹಗುರ ಇರ್ತೇನಿ."

ನೀರಿನ ಮೇಲೆ ಅಂಗಾತ ಮಲಗಿದರೆ ಬಾವಿಯ ಬಾಯಷ್ಟೇ ಆಕಾಶ. ಕಿವಿ ಮುಳುಗಿರುತ್ತದೆ. ಶಾಲೆ ಬಿಟ್ಟವಳು, ದಪ್ಪಗಿರುವವಳು ಎಂಬ ಯಾರ ಮಾತೂ ಕೇಳಿಸುವುದಿಲ್ಲ.

ರಾತ್ರಿಯಾಯಿತು. ಅವ್ವ ಈಗ ಬಂದು, ನಾನು ಈಜುವಾಗ ಹಾಕುವ ಹಳೆಯ ಚೂಡಿದಾರ ಮಡಚಿ, ನಾಳೆಗೆಂದು ದಿಂಬಿನ ಪಕ್ಕ ಇಟ್ಟು ಹೋದಳು. ಮೈ ಆಗಲೇ ತೇಲುತ್ತಿದೆ, ನಿದ್ದೆಯೋ ನೀರೋ…