ಅರ್ಧ ದಾರಿಯವರೆಗಿನ ಸಂಚು

ಪಟ್ಟಣ ರಸ್ತೆ ಕಚೇರಿಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನೀವು ನನಗೆ ಮೋಸ ಮಾಡಿದ್ದೀರಿ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಗಳಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು ನಾನು. ಇಂಥ ಪತ್ರವನ್ನು "ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಎಂದು ಶುರು ಮಾಡಬೇಕೆಂಬುದು ನನಗೆ ಗೊತ್ತಿಲ್ಲದೆ ಇಲ್ಲ. ಆ ವಾಕ್ಯ ಮುಗಿಯುವಷ್ಟರಲ್ಲಿ ನಿಮ್ಮಂಥವರು ಕಾಗದವನ್ನು ಪಕ್ಕಕ್ಕೆ ಸರಿಸುವುದನ್ನೂ ನೋಡಿದ್ದೇನೆ. ಆದ್ದರಿಂದ ವಿಷಯವನ್ನು ಮೊದಲೇ ಹೇಳುತ್ತೇನೆ. ಚಿಲೋಂಬೆ ಮತ್ತು ಮಸಾಂಗೊ ಬಡಾವಣೆಗಳ ನಡುವಿನ ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಅಗಲ ಮಾಡಿ, ನಟ್ಟನಡುವೆ ಎದೆಮಟ್ಟದ ಕಾಂಕ್ರೀಟ್ ಗೋಡೆ ಕಟ್ಟಿದಿರಿ. ನಡೆದು ದಾಟುವವರಿಗೆ ಮೇಲ್ಸೇತುವೆ ಕೊಡುತ್ತೇವೆ ಎಂದು ಮಾತು ಕೊಟ್ಟವರು ಕೊಡಲಿಲ್ಲ. ಕೊಡದಿದ್ದುದಕ್ಕೆ ಕಾರಣ ನಾನು ಮತ್ತು ನನ್ನ ಗೆಳತಿ ಎಂದು ಬರೆದು ಸಹಿ ಹಾಕಿದಿರಿ. ಬಲಗೈಗೆ ಪಟ್ಟಿ ಕಟ್ಟಿದೆ, ಎಡಗೈಯೊಂದರಲ್ಲೇ ಟೈಪ್ ಮಾಡುತ್ತಿದ್ದೇನೆ. ತಪ್ಪು ಅಕ್ಷರಗಳಿದ್ದರೆ ಅದಕ್ಕೂ ನಿಮ್ಮ ಕಚೇರಿಯೇ ಹೊಣೆ.

ನಿಮಗೆ ನೆನಪಿರಲಿಕ್ಕಿಲ್ಲ. ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದ ಹೊಸತರಲ್ಲಿ, ನಮ್ಮ ಚಿಲೋಂಬೆಯ ಚರ್ಚಿನ ಅಂಗಳದಲ್ಲಿ ಸಭೆ ಕರೆದಿರಿ. ರಸ್ತೆ ಅಗಲವಾದರೆ ಆಚೆಗೆ ಹೋಗುವುದು ಹೇಗೆ ಎಂದು ಜನ ಸಿಟ್ಟಾಗಿದ್ದರು. ನೀವು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಬಹಳ ತಾಳ್ಮೆಯಿಂದ ವಿವರಿಸಿದಿರಿ. ನಿಮ್ಮ ಸಿಬ್ಬಂದಿ ಮೂರು ದಿನ ರಸ್ತೆ ಬದಿಯಲ್ಲಿ ನಿಂತು ದಾಟುವವರನ್ನು ಎಣಿಸುತ್ತಾರೆ, ದಿನಕ್ಕೆ ಮುನ್ನೂರು ದಾಟುವಿಕೆ ಬಂದರೆ ಮೇಲ್ಸೇತುವೆ ಖಂಡಿತ, ಎಂದಿರಿ. ಸಭೆ ಮುಗಿದ ಮೇಲೆ ನಾನೂ ನನ್ನ ಗೆಳತಿ ಮಲಿತಾಳೂ ನಿಮ್ಮನ್ನು ಕಳಿಸಿಕೊಡಲು ಎದ್ದೆವು. ನೀವು ಚಾಲಕನಿಗೆ ಗಾಡಿ ಮುಂದೆ ತೆಗೆದುಕೊಂಡು ಹೋಗಲು ಹೇಳಿ, ಹೆದ್ದಾರಿಯವರೆಗೂ ನಮ್ಮ ಜೊತೆ ನಡೆದಿರಿ.

"ನಮ್ಮಮ್ಮನೂ ಹೀಗೇ," ಎಂದಿರಿ. "ಯಾರು ಬಂದ್ರೂ ಹಳ್ಳದ ತನಕ ಕಳಿಸದೆ ವಾಪಸ್ ಬರ್ತಿರಲಿಲ್ಲ. ನಿಮ್ಮ ಮಾತನ್ನ ಇಲ್ಲಿ ಜನ ಕೇಳ್ತಾರಮ್ಮ. ಎಣಿಸೋ ದಿನ ಕೇಳಿದ್ದಕ್ಕೆ ನಿಜ ಹೇಳಿ ಅಂತ ಅವರಿಗೆ ಹೇಳಿ. ಸುಳ್ಳು ಲೆಕ್ಕ ಅಂತ ಅನುಮಾನ ಬಂದ್ರೆ ಮೇಲಿನವರು ಫೈಲೇ ಮುಚ್ಚಿಬಿಡ್ತಾರೆ."

ಗಾಡಿ ಇದ್ದೂ ನಡೆದ ಅಧಿಕಾರಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ನಂಬಿಬಿಟ್ಟೆ.

ಮರುದಿನದಿಂದಲೇ ಮನೆಮನೆ ತಿರುಗಿದೆ. ಸೈಕಲ್ ರಿಪೇರಿಯ ಯೊಸೋಫಾಟಿ ಅಷ್ಟರಲ್ಲೇ ಒಂದು ಉಪಾಯ ಹೂಡಿದ್ದ. "ಟೈಪಮ್ಮ, ಯಾರು ಕೇಳಿದ್ರೂ ಆಸ್ಪತ್ರೆಗೆ ಅಂದ್ಬಿಡೋಣ. ಆಸ್ಪತ್ರೆ ಅಂದ್ರೆ ಸರ್ಕಾರ ಸ್ವಲ್ಪ ಹೆದರುತ್ತೆ."

"ಇಷ್ಟು ಜನಕ್ಕೆ ಒಂದೇ ದಿನ ಏನಪ್ಪಾ ಕಾಯಿಲೆ?"

"ಹೊಟ್ಟೆನೋವು. ಎಲ್ಲಾರೂ ಟೈಪಮ್ಮನ ಮನೇಲಿ ಊಟ ಮಾಡಿದ್ವಿ ಅಂತೀವಿ."

ನಾನು ನಗಲಿಲ್ಲ. ಸರ್ಕಾರಿ ಕಾಗದ ಎಂದರೆ ಏನು, ಅದರಲ್ಲಿ ಸುಳ್ಳು ಬರೆಸಿದರೆ ಏನಾಗುತ್ತದೆ ಎಂದು ಅವನ ಗಿರಾಕಿಗಳ ಎದುರಿಗೇ ಚೆನ್ನಾಗಿ ಬೈದೆ. ಅವನು ಸ್ಪ್ಯಾನರ್ ಕೆಳಗಿಟ್ಟು, "ಆಯ್ತು ಬಿಡಿ, ನೀವು ಹೇಳಿದ ಹಾಗೇ," ಎಂದ. ಇಡೀ ಚಿಲೋಂಬೆ ನಾನು ಹೇಳಿದ ಹಾಗೇ ಕೇಳಿತು.

ಈಗ ನಮ್ಮ ಅಭ್ಯಾಸದ ಬಗ್ಗೆ ಎರಡು ಮಾತು. ನೀವೂ ಮಲಾವಿಯಲ್ಲೇ ಹುಟ್ಟಿದವರು, ನಿಮಗೆ ಹೇಳಿಕೊಡಬೇಕಾಗಿ ಬಂದದ್ದೇ ಒಂದು ನಾಚಿಕೆ. ಮನೆಗೆ ಬಂದವರನ್ನು ಬಾಗಿಲಲ್ಲಿ ನಿಂತು ಕೈಬೀಸಿ ಕಳಿಸುವುದು ನಮ್ಮಲ್ಲಿ ಓಡಿಸಿದಂತೆ. ಅವರ ಜೊತೆ ಅರ್ಧ ದಾರಿಯಾದರೂ ನಡೆಯಬೇಕು. ಮಲಿತಾ ಹತ್ತೊಂಬತ್ತು ವರ್ಷದಿಂದ ಬಿಸಿಲು ತಗ್ಗಿದ ಮೇಲೆ ಮಸಾಂಗೊದಿಂದ ನಮ್ಮ ಮನೆಗೆ ಬರುತ್ತಿದ್ದಳು. ಚಹಾ, ಬೇಯಿಸಿದ ಕಡಲೆಕಾಯಿ, ಊರಿನ ಸುದ್ದಿ. ಆಮೇಲೆ ನಾನು ಅವಳನ್ನು ಕಳಿಸಲು ಹೊರಡುತ್ತಿದ್ದೆ. ಹೆದ್ದಾರಿ ದಾಟಿದರೆ ಒಂದು ಮಾವಿನ ಮರವಿದೆ, ಅದು ಅರ್ಧ ದಾರಿ. ಅಲ್ಲಿಗೆ ಮಾತು ಮುಗಿದಿರುವುದಿಲ್ಲ. "ನಡಿ, ನಿನ್ನನ್ನ ರಸ್ತೆ ದಾಟಿಸಿ ಬರ್ತೀನಿ," ಎಂದು ಅವಳು ನನ್ನನ್ನು ಈಚೆ ದರ್ಜಿ ಅಂಗಡಿಯವರೆಗೆ ತರುತ್ತಿದ್ದಳು. ಅವಳೊಬ್ಬಳನ್ನೇ ಹೇಗೆ ಬಿಡಲಿ? ಮತ್ತೆ ಮಾವಿನ ಮರ. ಕತ್ತಲಾಗುವ ಮೊದಲು ಯಾರೋ ಒಬ್ಬರು ಗಟ್ಟಿ ಮನಸ್ಸು ಮಾಡಬೇಕಿತ್ತು, ಅದು ಹೆಚ್ಚಾಗಿ ನಾನೇ. ನಮ್ಮಂತೆ ಹೆಂಗಸರು, ಗಂಡಸರು, ಹೊಸದಾಗಿ ಮದುವೆ ಗೊತ್ತಾದವರು, ಸಂಜೆ ನಾಲ್ಕರಿಂದ ಆರರವರೆಗೆ ಆ ರಸ್ತೆಯನ್ನು ಹೀಗೇ ದಾಟುತ್ತಿದ್ದರು. ನಮ್ಮ ಬಡಾವಣೆಯಲ್ಲಿ ಸಿನಿಮಾ ಮಂದಿರವಿಲ್ಲ, ಉದ್ಯಾನವಿಲ್ಲ, ಕೂರಲು ಒಂದು ಕಲ್ಲುಬೆಂಚಿಲ್ಲ. ನಡೆಯುವುದೇ ನಮ್ಮ ಸಂಜೆಯಾಗಿತ್ತು.

ನನ್ನ ಗಂಡ ಸತ್ತ ವರ್ಷ ಮಲಿತಾ ಒಂದು ದಿನವೂ ತಪ್ಪಿಸಲಿಲ್ಲ. ಸಮಾಧಾನ ಹೇಳುವುದು ಅವಳಿಗೆ ಬರುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ನಡೆದಳು, ಆ ವರ್ಷವೆಲ್ಲ. ನಾನು ಮತ್ತೆ ಅನ್ನ ನೀರು ಅಂತ ತಿಂದು ಕುಡಿಯುವಂತಾದದ್ದು ಅದರಿಂದಲೇ.

ಎಣಿಕೆಯ ಮೊದಲ ಸಂಜೆಗೆ ಬರುತ್ತೇನೆ. ಹಳದಿ ಅಂಗಿಯ ನಿಮ್ಮ ಎಣಿಕೆದಾರರೊಬ್ಬರು ರಸ್ತೆ ಬದಿಯಲ್ಲಿ ನಿಂತಿದ್ದರು. ನಲವತ್ತರ ಆಸುಪಾಸಿನ ಸಭ್ಯ ಮನುಷ್ಯ, ಅವರ ಮೇಲೆ ನನಗೆ ಕೋಪವಿಲ್ಲ.

"ಎಲ್ಲಿಗಮ್ಮ ಹೊರಟಿದ್ದು?"

"ಎಲ್ಲಿಗೂ ಇಲ್ಲಪ್ಪ. ಇವಳನ್ನ ಕಳಿಸಿ ಬರ್ತೀನಿ."

"ಇವರ ಮನೆಗೆ ಹೋಗ್ತಿದೀರಾ?"

"ಮನೆಗ್ಯಾಕೆ? ಈಗ ತಾನೆ ನಮ್ಮನೇಲಿ ಎರಡು ಗಂಟೆ ಕೂತಿದ್ವಲ್ಲ. ಮಾವಿನ ಮರದ ತನಕ."

"ಮಾವಿನ ಮರದ ಹತ್ರ ಏನು ಕೆಲಸ?"

"ಏನೂ ಇಲ್ಲ. ಅದು ಅರ್ಧ ದಾರಿ, ಅಷ್ಟೆ."

ಅವರು ತಮ್ಮ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಹತ್ರ ಐದೇ ಖಾನೆ ಇರೋದಮ್ಮ. ಕೆಲಸ, ಶಾಲೆ, ಸಂತೆ, ಆಸ್ಪತ್ರೆ, ಪ್ರಾರ್ಥನೆ. ಯಾವುದಕ್ಕೆ ಹಾಕ್ಲಿ?"

"ಪ್ರಾರ್ಥನೆಗೆ ಹಾಕಿ," ಎಂದಳು ಮಲಿತಾ. "ಇವಳ ಬಾಯಿ ಒಂದ್ಸಲ ಮುಚ್ಚಲಿ ಅಂತ ದಾರಿಯುದ್ದಕ್ಕೂ ಮಾಡ್ತಾನೇ ಇರ್ತೀನಿ."

ಅವರು ನಕ್ಕು ಬರೆಯಲು ಹೊರಟಿದ್ದರು. ತಡೆದವಳು ನಾನು. "ಬೇಡ, ಅವಳು ತಮಾಷೆ ಮಾಡ್ತಾಳೆ. ನಿಜ ಏನಿದೆಯೋ ಅದನ್ನೇ ಬರೀರಿ," ಎಂದೆ. ಅವರು ಹಾಳೆಯ ಅಂಚಿನಲ್ಲಿ "ಉದ್ದೇಶವಿಲ್ಲ" ಎಂದು ಬರೆದುಕೊಂಡರು. ಆ ಮೂರು ಸಂಜೆ ಚಿಲೋಂಬೆಯೂ ಮಸಾಂಗೊವೂ ಅದೇ ಉತ್ತರ ಕೊಟ್ಟವು. ಎಲ್ಲಿಗೂ ಇಲ್ಲ, ಕಳಿಸಿ ಬರ್ತೀನಿ. ಯೊಸೋಫಾಟಿ ಕೂಡ ತನ್ನ ಭಾವನನ್ನು ಕಳಿಸುತ್ತ ಹಾಗೇ ಹೇಳಿದನಂತೆ, ನನ್ನ ಭಯಕ್ಕೆ.

ವರದಿ ವಾರ್ಡ್ ಕಚೇರಿಯ ಫಲಕಕ್ಕೆ ಬಿದ್ದದ್ದು ಗೋಡೆ ಎದ್ದು ನಿಂತ ಮೇಲೆ. ನಾನು ಷರಾ ಕಾಲಮನ್ನು ಮೊದಲು ಓದುವವಳು, ವೃತ್ತಿಯ ಅಭ್ಯಾಸ. ಅದನ್ನು ಇಲ್ಲಿ ಯಥಾವತ್ತು ಇಳಿಸುತ್ತೇನೆ: "ಇಬ್ಬರು ವೃದ್ಧ ಮಹಿಳೆಯರು ನಲವತ್ತು ನಿಮಿಷಗಳಲ್ಲಿ ನಾಲ್ಕು ಬಾರಿ ರಸ್ತೆ ದಾಟಿದ್ದು, ಇದು ಎಣಿಕೆಯನ್ನು ಕೃತಕವಾಗಿ ಹೆಚ್ಚಿಸುವ ಸಂಚು ಎಂದು ಕಂಡುಬಂದಿರುತ್ತದೆ. ಸದರಿ ಕಾರಣದಿಂದ ಸಂಜೆಯ ಉದ್ದೇಶರಹಿತ ದಾಟುವಿಕೆಗಳನ್ನು ಪರಿಗಣಿಸಲಾಗಿಲ್ಲ." ಪರಿಗಣಿಸಿದ್ದು ದಿನಕ್ಕೆ ಇನ್ನೂರ ಹದಿನಾಲ್ಕು. ಬಿಟ್ಟದ್ದು ಮುನ್ನೂರ ತೊಂಬತ್ತು. ಕೆಳಗೆ ಸಹಿ ನಿಮ್ಮದು.

ಮೊದಲು ಒಂದು ತಿದ್ದುಪಡಿ. ಇಬ್ಬರೂ ದಾಟಿದ್ದು ಮೂರೇ ಸಲ. ನಾಲ್ಕನೆಯ ಸಲ ಮರಳಿ ಬಂದವಳು ನಾನೊಬ್ಬಳೇ. ಸಂಚಿನ ಆರೋಪ ಹೊರಿಸುವಾಗಲಾದರೂ ಲೆಕ್ಕ ಸರಿಯಾಗಿರಬೇಕಲ್ಲವೇ?

ಇನ್ನು ಸಂಚಿನ ವಿಷಯ. ಎಣಿಕೆದಾರರಿಗೆ ಅದು ಸಂಚೆಂದು ಕಂಡಿದ್ದರೆ ಕ್ಷಮಿಸುತ್ತಿದ್ದೆ, ಅವರು ನಮ್ಮನ್ನು ಬಲ್ಲವರಲ್ಲ. ನೀವು ಬಲ್ಲಿರಿ. ನಮ್ಮ ಜೊತೆ ಆ ದಾರಿಯಲ್ಲೇ ನಡೆದವರು. ಆ ಸಾಲು ಮೇಜಿಗೆ ಬಂದಾಗ ಆ ಇಬ್ಬರು ವೃದ್ಧ ಮಹಿಳೆಯರು ಯಾರೆಂದು ನಿಮಗೆ ಹೊಳೆಯಲೇ ಇಲ್ಲವೇ? ಹೊಳೆಯದಿದ್ದರೆ ಅಂದು ನೀವು ನಡೆದದ್ದು ನಾಟಕ. ಹೊಳೆದೂ ಸಹಿ ಹಾಕಿದ್ದರೆ ಅದನ್ನು ಏನೆಂದು ಕರೆಯಬೇಕೋ ನಿಮ್ಮ ಇಲಾಖೆಯ ಪದಕೋಶದಲ್ಲೇ ಹುಡುಕಿಕೊಳ್ಳಿ. ಸುಳ್ಳು ಹೇಳಲು ಸಿದ್ಧವಿದ್ದ ಊರನ್ನು ಗದರಿಸಿ ನಿಜ ಹೇಳಿಸಿದವಳು ನಾನು, ನೀವು ಕೇಳಿದಿರೆಂದು. ಕೊನೆಗೆ ಸುಳ್ಳುಗಾರ್ತಿ ಎಂಬ ಹೆಸರು ಬಂದದ್ದೂ ನನಗೇ. ಆ ಸಂಜೆ ನನ್ನ ಕೈಯಲ್ಲಿ ನಾಲ್ಕು ಟೊಮೆಟೊ ಇದ್ದಿದ್ದರೆ ನಾನು ನಿಮ್ಮ ದೃಷ್ಟಿಯಲ್ಲಿ ಗೌರವಾನ್ವಿತ ಪಾದಚಾರಿ. ಬರಿಗೈಯಲ್ಲಿ, ಗೆಳತಿಯ ಪಕ್ಕದಲ್ಲಿ, ನಗುತ್ತ ನಡೆದದ್ದರಿಂದ ಅಪರಾಧಿಯಾದೆ. ಭಾನುವಾರ ಬೆಳಿಗ್ಗೆ ಬಿಳಿ ಬೂಟು ತೊಟ್ಟು ಬೆಟ್ಟದ ರಸ್ತೆಯಲ್ಲಿ ಹೋಗಿ, ಏನನ್ನೂ ಕೊಳ್ಳದೆ, ಯಾರನ್ನೂ ಕಾಣದೆ, ಹೋದ ದಾರಿಯಲ್ಲೇ ಹಿಂತಿರುಗುವ ಸಾಹೇಬರುಗಳಿದ್ದಾರೆ. ಅವರ ಹೆಸರಿನ ಮುಂದೆ ಯಾವ ಷರಾ ಬರೆಯುತ್ತೀರಿ? ನಮ್ಮಂಥವರ ಕಾಲು ಕೂಲಿಗೋ ಸಂತೆಗೋ ಹೋಗಲು ಮಾತ್ರ ಇರುವುದೆಂದು ನಿಮಗೆ ಹೇಳಿಕೊಟ್ಟವರು ಯಾರು?

ಈಗಿನ ಸ್ಥಿತಿ ಕೇಳಿ. ದಾಟಲು ಇರುವ ಒಂದೇ ಜಾಗ ಪೆಟ್ರೋಲ್ ಬಂಕಿನ ವೃತ್ತ, ಸುತ್ತಿ ಹೋದರೆ ಮಲಿತಾಳ ಮನೆ ನಮ್ಮ ಮನೆಯಿಂದ ಐದೂವರೆ ಕಿಲೋಮೀಟರ್. ಮೊದಲು ಹನ್ನೆರಡು ನಿಮಿಷದ ನಡಿಗೆ. ಅವಳಿಗೆ ಸೊಂಟದ ಕೀಲು ಕೆಟ್ಟಿದೆ, ಕೋಲು ಹಿಡಿದು ಬಂದರೂ ಅಷ್ಟು ದೂರ ಸಾಗದು. ನಾನು ಮೂರು ಸಲ ಹೋದೆ. ಆ ಬದಿಯಲ್ಲಿ ಕಾಲುದಾರಿಯೇ ಇಲ್ಲ, ಲಾರಿಗಳು ತೋಳಿಗೆ ತಾಗುವಷ್ಟು ಹತ್ತಿರ ಹೋಗುತ್ತವೆ. ಮೂರನೆಯ ಸಲ ಒಂದಕ್ಕೆ ಜಾಗ ಬಿಡಲು ಹೋಗಿ ಚರಂಡಿಗೆ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಅಂದಿನಿಂದ ಹೋಗಿಲ್ಲ. ನಮ್ಮ ಜಗಲಿಯಿಂದ ಅವಳ ಮನೆಯ ತಗಡು ಕಾಣುತ್ತದೆ.

ಯೊಸೋಫಾಟಿ ನನ್ನನ್ನು ಬೈಯುವುದಿಲ್ಲ, ಅದು ಬೈದದ್ದಕ್ಕಿಂತ ಹೆಚ್ಚು ನೋಯುತ್ತದೆ. ಒಂದು ಸಲ ಮಾತ್ರ, ಕೈಯ ಪಟ್ಟಿ ನೋಡಿ, "ಆಸ್ಪತ್ರೆ ಅಂದಿದ್ರೆ ಆಗ್ತಿತ್ತು ಟೈಪಮ್ಮ. ಈಗ ನಿಜವಾಗ್ಲೂ ಹೋಗೋ ಹಂಗಾಯ್ತು," ಎಂದ.

ಮಲಿತಾ ಅಂಗಳ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದಾಳೆ. ಕೀಲು ಹಿಡಿದುಕೊಳ್ಳುತ್ತದೆ, ದಿನಾ ಸ್ವಲ್ಪ ನಡೆ ಎಂದು ಫೋನಿನಲ್ಲಿ ಗೋಗರೆಯುತ್ತೇನೆ.

"ನಿಮ್ಮ ಕಡೇನೇ ಒಂದು ಸುತ್ತು ಹಾಕಬಾರದೇನೆ?"

"ಒಬ್ಬಳೇ? ಯಾರನ್ನ ಕಳಿಸಿ ಬರ್ಲಿ?"

"ಸುಮ್ನೆ ನಡಿ."

"ಅದೆಂಥ ನಡಿಗೆ ಬಿಡೆ. ಸೇತುವೆ ಬರ್ಲಿ. ಆ ಸಾಹೇಬ ಒಳ್ಳೆಯವನು ಕಣೆ, ಗಾಡಿ ಬಿಟ್ಟು ನಮ್ಮ ಜೊತೆ ನಡೆದ. ಏನೋ ಅಡಚಣೆ ಆಗಿರಬೇಕು ಪಾಪ. ಮಾತು ತಪ್ಪೋನಲ್ಲ."

ಅವಳಿಗೆ ನಾನು ಹೇಳಿಲ್ಲ. ವರದಿ ಬಂದದ್ದು, ಅದರಲ್ಲಿ ನಾವಿರುವುದು, ಸೇತುವೆ ಬರುವುದಿಲ್ಲವೆಂಬುದು, ಒಂದನ್ನೂ ಹೇಳಿಲ್ಲ. ತನ್ನ ನಡಿಗೆಯಿಂದ ಎರಡು ಬಡಾವಣೆಗೆ ಸೇತುವೆ ತಪ್ಪಿತು ಎಂದು ಕೇಳಿದರೆ ಅವಳು ಕುಸಿಯುತ್ತಾಳೆ. ಪಕ್ಕದಲ್ಲಿದ್ದರೆ ಹೇಗೋ ಹೇಳುತ್ತಿದ್ದೆ, ಕೈ ಹಿಡಿದುಕೊಳ್ಳುತ್ತಿದ್ದೆ. ಇಂಥದ್ದನ್ನು ಫೋನಿನಲ್ಲಿ ಹೇಳಿ ಇಟ್ಟುಬಿಡುವುದು ನನ್ನಿಂದಾಗದು.

ಆದ್ದರಿಂದ ನನ್ನ ಬೇಡಿಕೆ ಇದು. ಆ ಷರಾವನ್ನು ಹೊಡೆದುಹಾಕಿ. ಮತ್ತೆ ಎಣಿಸುವುದಿದ್ದರೆ ಹಾಳೆಯಲ್ಲಿ ಆರನೆಯ ಖಾನೆ ಸೇರಿಸಿ, ಅದಕ್ಕೆ "ನಡೆಯಲು" ಎಂದು ಹೆಸರಿಡಿ. ಕೊಟ್ಟ ಮಾತಿನ ಸೇತುವೆ ಕಟ್ಟಿ. ಅವೆಲ್ಲಕ್ಕೂ ಆದೇಶ ಬೇಕು, ಮಂಜೂರಾತಿ ಬೇಕು, ನಾನು ಬಲ್ಲೆ. ಯಾವ ಮಂಜೂರಾತಿಯೂ ಬೇಡದ ಒಂದು ಕೆಲಸವನ್ನು ಮಾತ್ರ ಇವತ್ತೇ ಮಾಡಿ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ಅದು ಅಚ್ಚಾದ ದಿನ ಸಂಜೆ ಮಸಾಂಗೊದ ಅಂಗಡಿಯವನು ಪತ್ರಿಕೆಯನ್ನು ಜಗಲಿಯಲ್ಲಿ ಕೂತವರಿಗೆಲ್ಲ ಗಟ್ಟಿಯಾಗಿ ಓದುತ್ತಾನೆ, ಮಲಿತಾಳ ಅಂಗಳಕ್ಕೆ ಅದು ಕೇಳಿಸುತ್ತದೆ. ಅದಕ್ಕೆ ಮೊದಲು ನೀವೇ ಹೋಗಿ ಅವಳಿಗೆ ಹೇಳಿ. ಅದು ಸಂಚಲ್ಲ, ತಪ್ಪು ಬರೆದವನು ನಾನು, ಎಂದು ನಿಮ್ಮ ಬಾಯಿಂದಲೇ ಹೇಳಿ. ಗಾಡಿಯಲ್ಲಿ ವೃತ್ತ ಸುತ್ತಿದರೆ ನಿಮಗೆ ಆರು ನಿಮಿಷ. ಅವಳು ಬೈಯುವುದಿಲ್ಲ, ಹೆದರಬೇಡಿ. ಚಾಪೆ ಹಾಸುತ್ತಾಳೆ, ಕಡಲೆಕಾಯಿ ಕೊಡುತ್ತಾಳೆ. ನೀವು ಎದ್ದಾಗ ಕೋಲು ಹುಡುಕಿಕೊಂಡು ಅವಳೂ ಏಳುತ್ತಾಳೆ, ನಿಮ್ಮನ್ನು ಕಳಿಸಿ ಬರಲು. ಬೇಡವೆನ್ನಬೇಡಿ. ಅವಳು ಎಷ್ಟು ನಿಧಾನವಾಗಿ ನಡೆಯುತ್ತಾಳೋ ಅಷ್ಟೇ ನಿಧಾನವಾಗಿ ನಡೆಯಿರಿ.

ಇಂತಿ,
ತಮ್ಮ ವಿಧೇಯಳು ಎಂದು ಜೀವಮಾನವಿಡೀ ಇತರರಿಗಾಗಿ ಟೈಪ್ ಮಾಡಿ, ತನಗಾಗಿ ಮಾಡಲು ಮನಸ್ಸಾಗದ
ಎನೆಫಾ ಮತೆವೆರೆ
ಗೋಡೆಯ ಈಚೆ, ಚಿಲೋಂಬೆ