ಕೊಂಡ ಹಾಯ್ದ ಕಾಲು

ಏಪ್ರಿಲ್ 9, ಬುಧವಾರ, ಬೆಳಗ್ಗೆ

ಹಟ್ಟಿ ಸಾರಿಸಿದ್ದಾಯ್ತು. ಮಾರಮ್ಮನಿಗೆ ತಂಬಿಟ್ಟಿನ ಎಡೆ ಇಟ್ಟೆ. ನಿನ್ನೆ ಹಬ್ಬದಲ್ಲಿ ಕೊಂಡ ಹಾಯ್ದೆ. ಅಷ್ಟು ಕೆಂಡ — ಉರಿಯೇ ಇಲ್ಲ. ಹೆಂಗಸರು ಕಾಲಿಗೆ ಬಿದ್ದರು. "ನಿನ್ ಮೈಮ್ಯಾಲೆ ಅವ್ವನೇ ಇದ್ಲು ಕಣಕ್ಕ" ಅಂದಳು ಪುಟ್ಟಸಿದ್ದಮ್ಮ.

ಹೋದ ವರ್ಷ ಓರಗಿತ್ತಿ ಸೋಮಮ್ಮ ಮೊದಲ ಹೆಜ್ಜೆಗೇ ಕಿರುಚಿ ಪಕ್ಕಕ್ಕೆ ಹಾರಿದ್ದಳು. ಎಲ್ಲರೆದುರು ಅಂದಿದ್ದೆ: "ಮಡಿ ಇಲ್ದೋರ್‍ನ ಅವ್ವ ಸುಮ್ನೆ ಬುಟ್ಟಾಳ?" ಅವತ್ತು ಗುಂಡ್ಲುಪೇಟೆಗೆ, ತನ್ನ ಮನೆಗೆ ಹೋದವಳು ಮತ್ತೆ ನಮ್ಮ ಹೊಸ್ತಿಲು ತುಳಿದಿಲ್ಲ. ನಿಜ ಆಡಿದರೆ ಕೋಪ...

ಏಪ್ರಿಲ್ 13

ಸಂತೆಮರಹಳ್ಳಿಗೆ ಹೋಗಿದ್ದೆವು. ಬಸ್ಸಿಳಿದು ದೂರ ನಡೆದ ಮೇಲೆ ನೋಡಿದರೆ ಒಂದೇ ಚಪ್ಪಲಿ. ಇನ್ನೊಂದು ಜಾರಿದ್ದು ಗೊತ್ತೇ ಆಗಲಿಲ್ಲ. ಇವರು ನಕ್ಕರು — "ತಲೆ ಎಲ್ಲಿ ಮಡಗಿದ್ದಿಯೆ?"

ಏಪ್ರಿಲ್ 17

ದುಪ್ಪಟಿಗೆಲ್ಲ ಕೀವು. ಬಲಗಾಲ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಒಡೆದು ಹಳ್ಳ ಬಿದ್ದಿದೆ. ಅರಿಸಿನ ಒತ್ತಿದೆ. ನೋವಿಲ್ಲವಲ್ಲ, ವಾಸಿಯಾಗುತ್ತದೆ ಬಿಡು.

ಏಪ್ರಿಲ್ 24, ಸಂಜೆ

ವಾಸನೆ ಬಂತು. ಇವರು ಬೈದು ಚಾಮರಾಜನಗರಕ್ಕೆ ಕರೆದುಕೊಂಡು ಹೋದರು. ಡಾಕ್ಟ್ರಮ್ಮ ಕಣ್ಣು ಮುಚ್ಚಿಸಿದರು. ದಾರದಂಥದ್ದರಲ್ಲಿ ಅಂಗಾಲು ಮುಟ್ಟುತ್ತಾರಂತೆ, ಗೊತ್ತಾದಾಗೆಲ್ಲ ಹೂಂ ಅನ್ನಬೇಕಂತೆ. ಕಾದೆ... ಕಾದೆ. ಯಾವಾಗ ಮುಟ್ಟುತ್ತೀರಿ ಅಂತ ಕೇಳಿದೆ.

"ಎರಡು ಕಾಲೂ ಮುಗೀತಲ್ಲಮ್ಮ" ಅಂದರು.

ಶುಗರ್ ನರ ತಿಂದಿದೆಯಂತೆ. ಕೊಂಡಕ್ಕೆ ಅಂತ ಶುಗರ್ ಮಾತ್ರೆ ಬಿಟ್ಟು ಉಪವಾಸ ಮಾಡಿದ್ದು ಹೇಳಿದೆ. ಆಮೇಲೆ ತಿಳಿಸಿದರು — ಕಾಲಿಗೆ ಬೆಂಕಿ ತಗುಲಿದರೆ ಆ ಸುದ್ದಿ ಸಣ್ಣ ಕರೆಂಟಿನ ಹಾಗೆ ನರದಲ್ಲಿ ಓಡಿ ಬೆನ್ನುಹುರಿ ಸೇರುತ್ತದೆ. ಅಲ್ಲಿಂದಲೇ ಅಪ್ಪಣೆ ವಾಪಸ್ಸು ಬರುತ್ತದೆ, ಕಾಲು ತೆಗಿ ಅಂತ. ತಲೆಗೆ ಉರಿ ಮುಟ್ಟುವ ಮುಂಚೆಯೇ ಕಾಲು ಎದ್ದಿರುತ್ತದೆ. ಎಂಥ ಭಕ್ತಿ ಇದ್ದವರಿಗೂ ಹಾಗೇ. ನನ್ನ ಕಾಲಿಂದ ಸುದ್ದಿ ಹೊರಡುವುದೇ ಇಲ್ಲ.

ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಸೋಮಮ್ಮ ಹಾರಿದ್ದು ಅದಕ್ಕೆ. ಅವಳ ಮಡಿ ಕೆಟ್ಟಿರಲಿಲ್ಲ. ನರ ನೆಟ್ಟಗಿತ್ತು.

ಅವ್ವ, ನೀನು ಎಚ್ಚರಿಸಿದವಳನ್ನು ನಾನು ಶಪಿಸಿದೆನಲ್ಲ.

ಮೇ 19

ಹೆಬ್ಬೆರಳು ತೆಗೆದರು. ಪಾದ ಉಳಿಯಿತು. ಉಳಿಸಿಕೊಳ್ಳುವುದು ಇನ್ನು ನನ್ನ ಕೈಲಿದೆಯಂತೆ. ಬಿಸಿ ನೀರನ್ನು ಕಾಲಿಂದ ನೋಡಬಾರದು, ಕೈಯಿಂದ ನೋಡಬೇಕು.

ಜೂನ್ 8, ಭಾನುವಾರ, ಗುಂಡ್ಲುಪೇಟೆ

ಇವರು ಬೇಡ ಅಂದರೂ ಹಟ ಹಿಡಿದು ಬಂದೆ. ತಪ್ಪಾಯ್ತು ಅನ್ನಬೇಕು. ಹಿರಿಯಳಾದವಳು ಕಿರಿಯಳಿಗೆ ಹೇಗೆ ಅನ್ನುವುದು... ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ.

ಸೋಮಮ್ಮ ಬಾಗಿಲಲ್ಲಿ ನನ್ನ ಕಾಲಿನ ಪಟ್ಟಿ ನೋಡಿದಳು. ಒಳಗೆ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ನೀರು ಕಾಯಿಸಿ ತಂದು, ಜಗಲಿ ಮೇಲೆ ಕೂತಿದ್ದ ನನ್ನ ಕಾಲ ಬಳಿ ಕೆಳಗೆ ಕೂತಳು.

"ಕಾಲು ನೀಡಕ್ಕ. ನಂಗೆ ಮಡಿ ಇಲ್ಲ, ಮುಟ್‌ಬೋದಾ?"

ಕಾಲು ನೀಡಿದೆ. ಪಟ್ಟಿ ಬಿಚ್ಚಿದಳು, ಗಾಯ ಮಾಗಿತ್ತು. ಮೊದಲು ತನ್ನ ಕೈ ನೀರಿಗೆ ಅದ್ದಿದಳು. ತಣ್ಣೀರು ಬೆರೆಸಿದಳು. ಮತ್ತೆ ಅದ್ದಿ ನೋಡಿ, ಆಮೇಲೆ ಹುಯ್ದಳು. ಅವಳ ಅಂಗಾಲಿನ ಸುಟ್ಟ ಕಲೆ ನನ್ನ ಕಡೆಗೇ ಇತ್ತು.

"ಇಲ್ಲಿ ಒತ್ತಿದ್ದೀನಿ. ಗೊತ್ತಾಯ್ತದಾ?"

ಗೊತ್ತಾಗಲಿಲ್ಲ. ಹೂಂ ಅಂದೆ.

ಅವಳಿಗೆ ತಿಳಿಯಿತು. ಚೊಂಬು ಕೆಳಗಿಟ್ಟು ಮುಖ ನೋಡಿದಳು. ಆಗ ನಾನು, "ಗೊತ್ತಾಗ್ನಿಲ್ಲ ಕಣವ್ವ, ಅವತ್ತು ಅಂದಿದ್ದೂ ತಪ್ಪಾಯ್ತು" ಅಂದೆ.