ಚುಕ್ಕೆ ಗೆರೆ

ಮಾರ್ಚ್ ೧೧, ಮಂಗಳವಾರ

ಸಕಲ ಜಾಲತಾಣಗಳ ಒಡೆಯರೇ, ಸಮಸ್ತ ಕೊಂಡಿಗಳ ಕಾವಲುಗಾರರೇ, ಲಾಲಿಸಬೇಕು!

ತರಗತಿಯವರೆಲ್ಲ ತಮ್ಮ ತಮ್ಮ ಜಾಲಪುಟದಲ್ಲಿ ಉಳಿದವರ ಪುಟಕ್ಕೆ ಕೊಟ್ಟ ಒಂದೊಂದು ಕೊಂಡಿಗೂ ‘ಸ್ನೇಹಿತ’ ಅಥವಾ ‘ಪರಿಚಿತ’ ಎಂದು ಟ್ಯಾಗ್ ಹಾಕಿದ್ದಾರೆ. ಅದನ್ನು ಓದಿ ಸ್ನೇಹಕ್ಕೆ ದಪ್ಪ ಗೆರೆ, ಪರಿಚಯಕ್ಕೆ ಚುಕ್ಕೆ ಗೆರೆ ಎಳೆಯುವ ಕಂಪ್ಯೂಟರ್ ನಕ್ಷೆ ನನ್ನದು. ನಾಳೆ ಎಲ್ಲರೆದುರು ದೊಡ್ಡ ಪರದೆಯಲ್ಲಿ ಅದರ ಪ್ರದರ್ಶನ. ನನ್ನಿಂದ ಕನ್ನಡಕದ ಗೆಳೆಯ ಸೋಡಾಬುಡ್ಡಿಗೆ ದಪ್ಪ ಗೆರೆ ಹೋಗಿದೆ. ಅವನಿಂದ ನನಗೆ ಬಂದಿರುವುದು ಚುಕ್ಕೆ. ಒಂದೇ ಬೆಂಚಿನವನು!

ಸಂಜೆ ಅವನೇ ಫೋನ್ ಮಾಡಿದ್ದ. “ಲೋ, ನಕ್ಷೇಲಿ ನಾನೆಲ್ಲಿದ್ದೀನೋ?”

“ನನ್ನ ಪಕ್ಕದಲ್ಲೇ ಕಣೋ, ಇನ್ನೆಲ್ಲಿ ಸಾಯ್ತೀಯ!” ಎಂದು ನಕ್ಕೆ. ಚುಕ್ಕೆ ಯಾಕೋ ಎಂದು ಕೇಳಿಬಿಡಬಹುದಿತ್ತು, ಕೇಳಲಿಲ್ಲ.

ಗಮನವಿಲ್ಲದೆ ಹಾಕಿದನೋ, ಬೇಕಂತಲೇ ಹಾಕಿದನೋ? ತಲೆ ಚಿಟ್ಟುಹಿಡಿದಿದೆ. ನನ್ನ ನಕ್ಷೆ ಯಾರ ಮುಲಾಜಿಗೂ ಬೀಳದು ಎಂದು ನಾಳೆಗೆ ಭಾಷಣ ಬೇರೆ ಬರೆದಿಟ್ಟಿದ್ದೇನೆ.

ಈಗಷ್ಟೇ ಆ ಚುಕ್ಕೆಗಳನ್ನು ನಾನೇ ಕೂಡಿಸಿ ದಪ್ಪ ಮಾಡಿದೆ.